ನಡುಗಡಲಲ್ಲಿ ರಿಂಗಣಿಸುವ ಮೊಬೈಲ್: ವಿಹಾರದ ಸಂತಸಕ್ಕೆ ಬಿಲ್ಲಿನ ಬರೆ ಬೀಳದಿರಲಿ

ಮುಂಬಯಿ: ಹಡಗು ಎಂದರೆ ಮುಂಬಯಿಯ ತುಳು-ಕನ್ನಡಿಗರಿಗೆ ಒಂದು ಕಾಲದಲ್ಲಿ ವಿಹಾರದ ಮಾತಾಗಿರಲಿಲ್ಲ, ಹೊಟ್ಟೆಪಾಡಿನ ಮಾತಾಗಿತ್ತು. ಕೊಂಕಣ ರೈಲ್ವೆ ಪೂರ್ಣ ಪ್ರಮಾಣದಲ್ಲಿ ಓಡಲು ಆರಂಭಿಸಿದ್ದು 1998ರಲ್ಲಿ. ಅದಕ್ಕೂ ಎಷ್ಟೋ ಹಿಂದೆ, ರಸ್ತೆಯೂ ನೆಟ್ಟಗಿಲ್ಲದ ದಿನಗಳಲ್ಲಿ, ಮಂಗಳೂರಿನ ಬಂದರಿನಲ್ಲಿ ಆಗಬೋಟು ಹತ್ತಿ ಈ ಮಹಾನಗರಕ್ಕೆ ಬಂದಿಳಿದ ಹಿರಿಯರ ಕಥೆಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ತಲುಪಿದ ಸುದ್ದಿ ಊರಿಗೆ ಹೋಗುತ್ತಿದ್ದುದು ಪೋಸ್ಟ್ ಕಾರ್ಡಿನಲ್ಲಿ. ತೀರಾ ಅವಸರವಾದರೆ ತಂತಿ. ಅದರಲ್ಲಿಯೂ ಒಂದೊಂದು ಪದಕ್ಕೆ ಕಾಸು ಎಣಿಸಿ, ಎರಡು ಪದ ಹೆಚ್ಚಾಗದಂತೆ ನೋಡಿ ಬರೆಸುತ್ತಿದ್ದ ಪೀಳಿಗೆ ಅದು. ಮುಂದೆ ಎಸ್‌ಟಿಡಿ ಬೂತ್‌ಗಳು ಬಂದಾಗಲೂ ರಾತ್ರಿ ದರ ಇಳಿಯುವವರೆಗೆ ಕಾದು, ಸಾಲಿನಲ್ಲಿ ನಿಂತು, ಎದುರಿನ ಮೀಟರ್ ನೋಡುತ್ತಲೇ ಊರಿನವರೊಂದಿಗೆ ಮಾತಾಡಿದವರು ಈಗಲೂ ನಮ್ಮ ನಡುವೆ ಇದ್ದಾರೆ.

ಇಂದು ಕಾಲ ಬದಲಾಗಿದೆ. ಅದೇ ಪೀಳಿಗೆಯ ಮಕ್ಕಳು ಅಪ್ಪ-ಅಮ್ಮನ ವಿವಾಹ ವರ್ಷಾಚರಣೆಗೋ, ಷಷ್ಟ್ಯಬ್ದಿಗೋ ಕ್ರೂಸ್ ಟಿಕೆಟನ್ನು ಉಡುಗೊರೆಯಾಗಿ ಕೊಡುತ್ತಿದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಕೊರ್ಡೆಲಿಯಾ ಸಂಸ್ಥೆಯ 'ಎಂಪ್ರೆಸ್' ಮುಂಬಯಿಯಿಂದ ಯಾನ ಆರಂಭಿಸಿದ ಬಳಿಕ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗಿನ ವಿಹಾರ ಮನೆಮಾತಾಯಿತು. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಹೋಗುವ ನೌಕೆಗಳಲ್ಲಿ ಭಾರತೀಯ ಕುಟುಂಬಗಳು ಕಾಣಸಿಗುವುದು ಈಗ ಸಾಮಾನ್ಯ. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಹಿರಿಯರು ಅಲ್ಲಿಂದ ಕೆರಿಬಿಯನ್‌ಗೋ ಅಲಾಸ್ಕಾಕ್ಕೋ ಹಡಗೇರುವುದೂ ಉಂಟು. ಸಂಘ-ಸಂಸ್ಥೆಗಳ ಹಿರಿಯ ನಾಗರಿಕರ ಕೂಟಗಳಲ್ಲಿ ಈಗ ತೀರ್ಥಯಾತ್ರೆಯ ಜತೆಗೆ ಕ್ರೂಸ್ ಮಾತೂ ಕೇಳಿಬರುತ್ತಿದೆ.

ಆದರೆ ಪದ ಎಣಿಸಿ ತಂತಿ ಕಳುಹಿಸಿದ ಹಿರಿಯರ ಎಚ್ಚರ ಮಾತ್ರ ನಮ್ಮ ಕೈಯ ಸ್ಮಾರ್ಟ್‌ಫೋನಿಗೆ ಬಂದಿಲ್ಲ ಎನ್ನುವುದು ವಿಪರ್ಯಾಸ. ದಡದ ಮೇಲೆ ಕರೆಗೂ ಇಂಟರ್ನೆಟ್‌ಗೂ ಲೆಕ್ಕವೇ ಇಡದ ಅಭ್ಯಾಸ ಹಡಗಿನ ಮೇಲೂ ಮುಂದುವರಿದರೆ, ಪ್ರವಾಸ ಮುಗಿದು ಮನೆಗೆ ಬಂದ ಮೇಲೆ ಬರುವ ಬಿಲ್ಲು ಟಿಕೆಟಿನ ದರವನ್ನೇ ಅಣಕಿಸಬಹುದು.

ಹೀಗೊಂದು ಪ್ರಸಂಗ

ಡೊಂಬಿವಲಿಯ ನಿವೃತ್ತ ದಂಪತಿ ಎಂದಿಟ್ಟುಕೊಳ್ಳೋಣ. ನಲ್ವತ್ತನೆಯ ವಿವಾಹ ವರ್ಷಾಚರಣೆಗೆ ಮಗಳು-ಅಳಿಯ ಸಿಂಗಾಪುರದಿಂದ ಹೊರಡುವ ನೌಕೆಯಲ್ಲಿ ಕೋಣೆ ಕಾದಿರಿಸಿದ್ದಾರೆ. ಮಗಳೊಂದಿಗೆ ಮಾತಾಡಲು ಬೇಕಾಗುತ್ತದೆಂದು ಯಜಮಾನರು ತಮ್ಮ ಪೋಸ್ಟ್‌ಪೇಯ್ಡ್ ನಂಬರಿಗೆ ಅಂತಾರಾಷ್ಟ್ರೀಯ ರೋಮಿಂಗ್ ತೆರೆಸಿ, ಸಿಂಗಾಪುರದ ಪ್ಯಾಕ್ ಹಾಕಿಸಿಕೊಂಡಿದ್ದಾರೆ. ಹಡಗು ಹೊರಟ ಎರಡನೆಯ ರಾತ್ರಿ, ನಡುಗಡಲಲ್ಲಿ ಫೋನ್ ರಿಂಗಣಿಸುತ್ತದೆ. ಕುಂದಾಪುರದಿಂದ ತಮ್ಮನ ಕರೆ.

"ಅಣ್ಣ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರು. ಗಾಬರಿ ಮಾಡ್ಬೇಡ, ಎಕ್ಸ್‌ರೇ ಆಯ್ತು, ಮೂಳೆಗೆ ಏನೂ ಆಗ್ಲಿಲ್ಲ."

ಇಂತಹ ಕರೆಯನ್ನು ಯಾರು ತಾನೇ ಅರ್ಧಕ್ಕೆ ಕತ್ತರಿಸುತ್ತಾರೆ? ಹನ್ನೆರಡು ನಿಮಿಷ ಮಾತಾಯಿತು. ಅಮ್ಮನ ಧ್ವನಿಯನ್ನೂ ಕೇಳಿದ್ದಾಯಿತು. ಬಂದ ಕರೆ ತಾನೇ, ಖರ್ಚು ತಮ್ಮನದು ಎಂಬ ಸಮಾಧಾನ ಬೇರೆ. ಆದರೆ ರೋಮಿಂಗ್‌ನಲ್ಲಿ ಬರುವ ಕರೆಗೂ ಹಣ ಕೊಡಬೇಕಾದವರು ಎತ್ತಿದವರೇ. ಹಡಗಿನ ಜಾಲದಲ್ಲಿ ನಿಮಿಷವೊಂದಕ್ಕೆ ನೂರಾರು ರೂಪಾಯಿ ಬೀಳುವುದುಂಟು. ಲೆಕ್ಕಕ್ಕೆಂದು ನಿಮಿಷಕ್ಕೆ 300 ರೂಪಾಯಿ ಎಂದು ಹಿಡಿದರೂ ಆ ಒಂದು ಕರೆಗೆ 3,600 ರೂಪಾಯಿ. ಅದರ ಮೇಲೆ ಜಿಎಸ್‌ಟಿ. "ಸಿಂಗಾಪುರದ ಪ್ಯಾಕ್ ಇತ್ತಲ್ಲ?" ಎಂದು ಕೇಳಿದರೆ ಕಂಪೆನಿಯ ಉತ್ತರ ಒಂದೇ: "ನೀವು ಆಗ ಸಿಂಗಾಪುರದಲ್ಲಿ ಇರಲಿಲ್ಲ, ಹಡಗಿನಲ್ಲಿದ್ದಿರಿ."

ಇದರಿಂದ ಹೆದರಿ ಮುಂದಿನ ಬಾರಿ ಫೋನನ್ನೇ ಮುಚ್ಚಿಟ್ಟು ಹೋದರೆ? ಅಂದು ಊರಿನಲ್ಲಿ ನಿಜಕ್ಕೂ ಅನಾಹುತವಾದರೆ ಸುದ್ದಿ ಮುಟ್ಟುವುದಾದರೂ ಹೇಗೆ? ಹೆದರಿಕೆಯೂ ಬೇಡ, ಉದಾಸೀನವೂ ಬೇಡ. ಹಡಗು ಹತ್ತುವ ಮೊದಲೇ 'ನಮ್ಮನ್ನು ಮನೆಯವರು ಯಾವ ದಾರಿಯಲ್ಲಿ ಸಂಪರ್ಕಿಸಬೇಕು' ಎಂದು ತೀರ್ಮಾನಿಸಿಕೊಳ್ಳುವುದೇ ಇದಕ್ಕಿರುವ ಮದ್ದು. ಅದಕ್ಕೆ ಮೊದಲು ಹಡಗಿನಲ್ಲಿ ಫೋನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕು.

ಹಡಗಿನೊಳಗೇ ಒಂದು ಟವರ್

ದಡದ ಮೊಬೈಲ್ ಟವರಿನ ಸಿಗ್ನಲ್ ಸಮುದ್ರದ ಮೇಲೆ ಕೆಲವು ಕಿಲೋಮೀಟರುಗಳವರೆಗೆ ಮಾತ್ರ ಸಿಗುತ್ತದೆ. ಅದರಾಚೆ ಫೋನ್ ಪರದೆಯ ಮೇಲೆ 'ನೋ ಸರ್ವಿಸ್' ಎಂದು ಬರಬೇಕು. ಆದರೆ ಹಲವು ದೊಡ್ಡ ವಿಹಾರ ನೌಕೆಗಳಲ್ಲಿ ಹಾಗೆ ಬರುವುದಿಲ್ಲ. ಕಾರಣ, ಹಡಗಿನ ಓಣಿಗಳಲ್ಲಿ, ಡೆಕ್‌ಗಳಲ್ಲಿ ಚಿಕ್ಕ ಚಿಕ್ಕ ಆಂಟೆನಾಗಳನ್ನು ಅಳವಡಿಸಿ, ಹಡಗಿಗೆಂದೇ ಒಂದು ಮೊಬೈಲ್ ಜಾಲವನ್ನು ಕಟ್ಟಿರುತ್ತಾರೆ. ಈ ಜಾಲಕ್ಕೆ ಸೇರಿದ ಫೋನಿನ ಕರೆ ಮೊದಲು ಹಡಗಿನ ಯಂತ್ರಕ್ಕೆ, ಅಲ್ಲಿಂದ ಮೇಲಿನ ಉಪಗ್ರಹಕ್ಕೆ, ಉಪಗ್ರಹದಿಂದ ಭೂಮಿಯ ಮೇಲಿನ ಕೇಂದ್ರಕ್ಕೆ, ಕೊನೆಗೆ ಊರಿನ ಫೋನಿಗೆ ಹೋಗುತ್ತದೆ. ಸಮಭಾಜಕ ವೃತ್ತದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹವಾದರೆ ಅದರ ಎತ್ತರ ಸುಮಾರು 36 ಸಾವಿರ ಕಿಲೋಮೀಟರ್. ಕುಂದಾಪುರಕ್ಕೆ ಮಾಡಿದ ಕರೆ ಆಕಾಶಕ್ಕೆ ಹೋಗಿ ಬರುತ್ತದೆ ಎನ್ನುವುದು ಇಲ್ಲಿ ಅಕ್ಷರಶಃ ಸತ್ಯ. ಆ ದಾರಿಯ ಬಾಡಿಗೆಯೇ ಬಿಲ್ಲಿನಲ್ಲಿ ಕಾಣುವುದು.

ಈ ಜಾಲ ಯಾವ ದೇಶಕ್ಕೂ ಸೇರಿದ್ದಲ್ಲ. ಪ್ರತಿಯೊಂದು ದೇಶದ ಮೊಬೈಲ್ ಜಾಲಕ್ಕೂ ಒಂದು ಸಂಕೇತ ಸಂಖ್ಯೆ ಇರುವಂತೆ, ಹಡಗಿನ ಜಾಲಗಳಿಗೆ 901 ಎಂದು ಆರಂಭವಾಗುವ ಅಂತಾರಾಷ್ಟ್ರೀಯ ಸಂಖ್ಯೆ ಇದೆ. ಫೋನಿನ ಪರದೆಯ ಮೇಲೆ 'ಸೆಲ್ಯುಲಾರ್ ಅಟ್ ಸೀ', 'ಟೆಲಿನಾರ್ ಮ್ಯಾರಿಟೈಮ್' ಎಂಬಂತಹ ಹೆಸರೋ, 901ರಿಂದ ಆರಂಭವಾಗುವ ಸಂಖ್ಯೆಯೋ ಕಂಡರೆ ಫೋನು ಹಡಗಿನ ಜಾಲಕ್ಕೆ ಸೇರಿಕೊಂಡಿದೆ ಎಂದರ್ಥ. ಯಾವ ದೇಶಕ್ಕೂ ಸೇರದ ಕಾರಣ ಸಿಂಗಾಪುರದ ಪ್ಯಾಕ್, ಥಾಯ್ಲೆಂಡಿನ ಪ್ಯಾಕ್, ಅಮೆರಿಕದ ಪ್ಯಾಕ್ ಯಾವುದೂ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ. 'ಹಡಗಿಗೂ ಅನ್ವಯ' ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಬೇಕು.

ಯುರೋಪಿನ ಉದಾಹರಣೆಯನ್ನೇ ನೋಡಬಹುದು. ಯುರೋಪಿಯನ್ ಒಕ್ಕೂಟ 2017ರ ಜೂನ್‌ನಲ್ಲಿ ತನ್ನ ಸದಸ್ಯ ದೇಶಗಳ ನಡುವಿನ ರೋಮಿಂಗ್ ಹೆಚ್ಚುವರಿ ಶುಲ್ಕವನ್ನು ತೆಗೆದುಹಾಕಿತು. ಆದರೆ ಹಡಗಿನ ಉಪಗ್ರಹ ಜಾಲ ಆ ರಿಯಾಯಿತಿಯ ಹೊರಗೇ ಉಳಿಯಿತು. 2022ರ ಹೊಸ ನಿಯಮದಲ್ಲಿ ಅಲ್ಲಿನ ಗ್ರಾಹಕರಿಗೆ ಹಡಗಿನಲ್ಲಿ ಬಿಲ್ಲು 50 ಯೂರೋ ಮುಟ್ಟಿದಾಗ ಸಂಪರ್ಕ ತಾನಾಗಿ ಕಡಿತವಾಗುವ ವ್ಯವಸ್ಥೆ ಬಂತು. ಅಲ್ಲಿನ ಸರಕಾರಗಳೇ ಇಷ್ಟು ಎಚ್ಚರ ವಹಿಸಬೇಕಾಯಿತು ಎಂದರೆ ಸಮಸ್ಯೆಯ ಗಾತ್ರವನ್ನು ಊಹಿಸಬಹುದು.

ಲಂಗರು ಹಾಕಿದ್ದರೂ ಎಚ್ಚರ

ಒಂದು ದೇಶದ ಜಲಗಡಿ ಸಾಮಾನ್ಯವಾಗಿ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್. ಈ ಗಡಿಯ ಒಳಗಿರುವಾಗ ಹಡಗಿನ ಜಾಲವನ್ನು ಮುಚ್ಚಿ, ಗಡಿ ದಾಟಿದ ಮೇಲೆ ತೆರೆಯುವುದು ವಾಡಿಕೆ. ಆದರೆ ಎಲ್ಲ ಕಡೆ ಹೀಗೆಯೇ ಎಂದು ನಂಬಿ ಕೂರುವಂತಿಲ್ಲ.

2008ರಲ್ಲಿ ಅಮೆರಿಕದಲ್ಲಿ ನಡೆದ ಘಟನೆ ಇದಕ್ಕೆ ಸಾಕ್ಷಿ. ಷಿಕಾಗೋದ ಕ್ರೀಡಾಭಿಮಾನಿಯೊಬ್ಬರು ಮಯಾಮಿ ಬಂದರಿನಲ್ಲಿ ವಿಹಾರ ನೌಕೆ ಏರಿದ್ದರು. ಹಡಗು ಇನ್ನೂ ಬಂದರು ಬಿಟ್ಟಿರಲಿಲ್ಲ. ಊರಿನ ತಂಡದ ಫುಟ್‌ಬಾಲ್ ಪಂದ್ಯವನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಮೊಬೈಲ್ ಕಂಪೆನಿಯ ವೈರ್‌ಲೆಸ್ ಕಾರ್ಡ್ ಮೂಲಕ ನೋಡಿದರು. ದಡದ ಜಾಲವೆಂದು ಅವರು ತಿಳಿದದ್ದು ವಾಸ್ತವವಾಗಿ ಹಡಗಿನ ಜಾಲವಾಗಿತ್ತು. ಬಂದ ಬಿಲ್ಲು ಸುಮಾರು 28 ಸಾವಿರ ಡಾಲರ್! ಸುದ್ದಿ 2009ರಲ್ಲಿ ಪತ್ರಿಕೆಗಳಿಗೆ ಬಂದ ಹೊತ್ತಿಗೆ ಕಂಪೆನಿ ಅದನ್ನು ಸುಮಾರು 290 ಡಾಲರಿಗೆ ಇಳಿಸಿತು. ಎಲ್ಲರಿಗೂ ಅಂತಹ ಅದೃಷ್ಟ ಇರುತ್ತದೆಂದು ಹೇಳಲಾಗದು.

ಸಿಂಗಾಪುರದ ಸುತ್ತಮುತ್ತ ಇನ್ನೊಂದು ತೊಡಕು. ಅಲ್ಲಿ ಸಮುದ್ರ ಕಿರಿದು. ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಇಂಡೋನೇಷ್ಯಾದ ದ್ವೀಪಗಳು. ಹಡಗು ಚಲಿಸುತ್ತಿದ್ದಂತೆ ಫೋನು ಯಾವ ಸಿಗ್ನಲ್ ಬಲವಾಗಿದೆಯೋ ಅದಕ್ಕೆ ಜೋತುಬೀಳುತ್ತದೆ. ಪ್ಯಾಕ್ ಇಲ್ಲದ ದೇಶದ ಜಾಲಕ್ಕೆ ಸೇರಿದರೆ ಅದಕ್ಕೂ ಬೇರೆ ದರ.

ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗುವವರ ಲೆಕ್ಕ ಸ್ವಲ್ಪ ಬೇರೆ. ಲಕ್ಷದ್ವೀಪ ಭಾರತದ್ದೇ ಆದ ಕಾರಣ ದ್ವೀಪದ ಮೇಲೆ ಸಿಗ್ನಲ್ ಸಿಕ್ಕರೆ ಮನೆಯ ಸಿಮ್ ಮನೆಯ ದರದಲ್ಲಿಯೇ ನಡೆಯುತ್ತದೆ. ಕೊಚ್ಚಿಯಿಂದ ದ್ವೀಪಗಳಿಗೆ ಎಳೆದ ಸಮುದ್ರದಾಳದ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಗೊಂಡ ಬಳಿಕ ಅಲ್ಲಿನ ಸಂಪರ್ಕಕ್ಕೆ ಬಲ ಬಂದಿದೆ. ಆದರೆ ದಡಕ್ಕೂ ದ್ವೀಪಕ್ಕೂ ನಡುವಿನ ಅರಬ್ಬೀ ಸಮುದ್ರದಲ್ಲಿ ಟವರ್ ಇಲ್ಲ. ಭಾರತದ ಜಲಗಡಿಯೊಳಗೆ ಹಡಗು-ವಿಮಾನಗಳಲ್ಲಿ ಉಪಗ್ರಹದ ಮೂಲಕ ಸೇವೆ ನೀಡಲು 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ನಿಯಮ ರೂಪಿಸಿದೆ. ಯಾವ ಹಡಗಿನಲ್ಲಿ ಮೊಬೈಲ್ ಜಾಲ ಇದೆ, ಯಾವುದರಲ್ಲಿ ವೈಫೈ ಮಾತ್ರ ಇದೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಯಾರಿಗೆ ಅಪಾಯ ಹೆಚ್ಚು?

ಎಲ್ಲರೂ ಗಾಬರಿಯಾಗಬೇಕಿಲ್ಲ. ಅಂತಾರಾಷ್ಟ್ರೀಯ ರೋಮಿಂಗ್ ತೆರೆದಿಲ್ಲದ ಸಿಮ್ ಹಡಗಿನ ಜಾಲಕ್ಕೆ ಸೇರುವುದೇ ಇಲ್ಲ. ಪ್ರಿಪೇಯ್ಡ್ ಗ್ರಾಹಕರು ಹೆಚ್ಚೆಂದರೆ ಖಾತೆಯಲ್ಲಿರುವ ಮೊತ್ತವನ್ನು ಕಳೆದುಕೊಂಡಾರು. ನಿಜವಾದ ಅಪಾಯ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ. ಏಕೆಂದರೆ ಅಲ್ಲಿ ಮೀಟರ್ ಓಡುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ.

ನಮ್ಮವರಲ್ಲಿ ವಿಶೇಷವಾಗಿ ಮೂರು ಬಗೆಯವರು ಎಚ್ಚರ ವಹಿಸಬೇಕು. ಮೊದಲನೆಯದು, ಹಿಂದೆಂದೋ ಮಗನ ಮನೆಗೆ ವಿದೇಶಕ್ಕೆ ಹೋಗುವಾಗ ರೋಮಿಂಗ್ ತೆರೆಸಿ, ವಾಪಸು ಬಂದ ಮೇಲೆ ಮುಚ್ಚಿಸಲು ಮರೆತವರು. ಎರಡನೆಯದು, ಎರಡು ಸಿಮ್ ಇರುವ ಫೋನಿನವರು. ಒಂದನ್ನು ಬಂದ್ ಮಾಡಿ ಇನ್ನೊಂದನ್ನು ಮರೆಯುವುದು ಸಾಮಾನ್ಯ. ಮೂರನೆಯದು, ಅಮೆರಿಕದಲ್ಲಿ ಮಕ್ಕಳ ಫ್ಯಾಮಿಲಿ ಪ್ಲಾನಿನ ಸಿಮ್ ಹಾಕಿಕೊಂಡು ಹಡಗೇರುವ ಹಿರಿಯರು. ಮೆಕ್ಸಿಕೋದಲ್ಲಿ ಉಚಿತ ಎಂದು ಮಗ ಹೇಳಿದ್ದು ಅಲ್ಲಿನ ನೆಲದ ಮಾತು, ಹಡಗಿನ ಮಾತಲ್ಲ. ಬಿಲ್ಲು ಹೋಗುವುದೂ ಮಗನಿಗೇ.

ಫೋನು ಮುಟ್ಟದಿದ್ದರೂ ಮೀಟರ್ ಓಡುತ್ತದೆ

"ಫೋನು ಕಪಾಟಿನಲ್ಲಿತ್ತು, ನಾವು ಮುಟ್ಟಲೇ ಇಲ್ಲ" ಎಂಬ ಮಾತು ಕೇಳಿಬರುವುದುಂಟು. ಸ್ಮಾರ್ಟ್‌ಫೋನಿನ ವಿಷಯದಲ್ಲಿ ಇದು ಸಮಜಾಯಿಷಿ ಆಗಲಾರದು. ಮಾಲೀಕ ಮಲಗಿದ್ದರೂ ಫೋನು ಎಚ್ಚರವಾಗಿರುತ್ತದೆ. ತೆಗೆದ ಫೋಟೋಗಳನ್ನು ಗೂಗಲ್ ಫೋಟೋಸ್‌ಗೋ ಐಕ್ಲೌಡ್‌ಗೋ ಕಳುಹಿಸುತ್ತದೆ, ಆ್ಯಪ್‌ಗಳನ್ನು ಹೊಸದು ಮಾಡಿಕೊಳ್ಳುತ್ತದೆ, ಇಮೇಲ್ ತರಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ವಾಟ್ಸಾಪ್ ಗುಂಪುಗಳು. ಸಂಘದ ಗುಂಪು, ಮಹಿಳಾ ವಿಭಾಗದ ಗುಂಪು, ಊರಿನ ದೇವಸ್ಥಾನದ ಗುಂಪು, ಹಳೆ ವಿದ್ಯಾರ್ಥಿಗಳ ಗುಂಪು. ಬೆಳಗಾಗುವಷ್ಟರಲ್ಲಿ ಹೂವಿನ ಚಿತ್ರದ ಶುಭೋದಯಗಳು ನಲ್ವತ್ತಾದರೂ ಬಂದು ಬಿದ್ದಿರುತ್ತವೆ. ಒಂದೊಂದು ಚಿತ್ರ 200 ಕೆಬಿ ಎಂದರೂ ನಲ್ವತ್ತಕ್ಕೆ 8 ಎಂಬಿ. ಲೆಕ್ಕಕ್ಕೆಂದು ಎಂಬಿಗೆ 500 ರೂಪಾಯಿ ಹಿಡಿದರೆ ಬೆಳಗಿನ ಕಾಫಿಗೆ ಮೊದಲೇ 4,000 ರೂಪಾಯಿ ಸಂದಾಯ! ಇನ್ನು ಫೋನಿನಲ್ಲಿ ತೆಗೆದ ಒಂದು ನಿಮಿಷದ ಒಳ್ಳೆಯ ಗುಣಮಟ್ಟದ ವಿಡಿಯೋ 60 ಎಂಬಿಗೂ ಹೆಚ್ಚು ತೂಗುತ್ತದೆ. ಸೂರ್ಯಾಸ್ತದ ಆ ವಿಡಿಯೋ ತಾನಾಗಿ ಮೇಲಕ್ಕೆ ಹೋದರೆ ಎಷ್ಟಾಗುತ್ತದೆಂದು ಗುಣಿಸಿಕೊಳ್ಳಬಹುದು.

ಹೊರಡುವ ಮೊದಲು ಮನೆಯಲ್ಲೇ ಮಾಡಬೇಕಾದುದು

ಮೊದಲ ಕೆಲಸ, ಮೊಬೈಲ್ ಕಂಪೆನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುವುದು: "ನನ್ನ ನಂಬರಿಗೆ ಅಂತಾರಾಷ್ಟ್ರೀಯ ರೋಮಿಂಗ್ ತೆರೆದಿದೆಯೇ? ನನ್ನ ಪ್ಯಾಕ್ ಹಡಗಿನ ಜಾಲಕ್ಕೆ ಅನ್ವಯಿಸುತ್ತದೆಯೇ?" ಉತ್ತರವನ್ನು ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ಬರೆಸಿಕೊಂಡರೆ ಮುಂದೆ ವಾದಕ್ಕೆ ಆಧಾರ ಇರುತ್ತದೆ. ಸಮುದ್ರದಲ್ಲಿಯೂ ಬಂದರಿನಲ್ಲಿಯೂ ರೋಮಿಂಗ್ ಬೇಡವೆನ್ನುವವರು ಸೇವೆಯನ್ನೇ ಮುಚ್ಚಿಸಿಬಿಡುವುದು ಅತ್ಯಂತ ಸುರಕ್ಷಿತ.

ಎರಡನೆಯದು, ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ರೋಮಿಂಗ್ ಸಮಯದಲ್ಲಿ ಚಿತ್ರ-ವಿಡಿಯೋ ತಾನಾಗಿ ಇಳಿಯದಂತೆ ಮಾಡುವುದು. ಫೋಟೋ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್ ಎರಡನ್ನೂ ಪ್ರವಾಸ ಮುಗಿಯುವವರೆಗೆ ನಿಲ್ಲಿಸುವುದು. ಭಜನೆ, ಯಕ್ಷಗಾನದ ವಿಡಿಯೋ, ಸಿನೆಮಾ ಬೇಕೆನ್ನುವವರು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೋಗುವುದು.

ಮೂರನೆಯದು, ನೌಕಾ ಕಂಪೆನಿಯ ಆ್ಯಪ್ ಇದ್ದರೆ ದಡದಲ್ಲಿರುವಾಗಲೇ ಹಾಕಿಕೊಳ್ಳುವುದು. ಹಲವು ನೌಕೆಗಳಲ್ಲಿ ಇಂಟರ್ನೆಟ್ ಪ್ಯಾಕ್ ಕೊಳ್ಳದೆಯೂ ಹಡಗಿನ ವೈಫೈ ಮೂಲಕ ಈ ಆ್ಯಪ್ ನಡೆಯುತ್ತದೆ. ದಿನದ ಕಾರ್ಯಕ್ರಮ, ಊಟದ ವೇಳೆ ಅದರಲ್ಲಿ ಕಾಣುತ್ತವೆ. ಕೆಲವು ಕಡೆ ಹಡಗಿನೊಳಗಿನ ಸಹಪ್ರಯಾಣಿಕರಿಗೆ ಸಂದೇಶವನ್ನೂ ಕಳುಹಿಸಬಹುದು. ಗುಂಪಾಗಿ ಹೋಗುವ ಸಂಘದವರಿಗೆ ಇದು ಬಹಳ ಅನುಕೂಲ.

ಹಡಗು ಹತ್ತಿದ ಮೇಲೆ

ಹಡಗಿನ ಮೆಟ್ಟಿಲು ಹತ್ತುವಾಗಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕುವುದು ಎಲ್ಲಕ್ಕೂ ಮೂಲಮಂತ್ರ. ವಿಮಾನಕ್ಕೆ ಮಾತ್ರ ಎಂದು ಭಾವಿಸುವ ಈ ಗುಂಡಿ ಹಡಗಿನಲ್ಲಿಯೂ ಅಷ್ಟೇ ಉಪಯುಕ್ತ. ಫ್ಲೈಟ್ ಮೋಡ್ ಹಾಕಿದರೆ ಎರಡೂ ಸಿಮ್‌ಗಳ ಮೊಬೈಲ್ ಸಂಪರ್ಕ ನಿಲ್ಲುತ್ತದೆ. ಕ್ಯಾಮೆರಾ, ಗಡಿಯಾರ, ಇಳಿಸಿಕೊಂಡ ಹಾಡುಗಳು ಎಂದಿನಂತೆ ನಡೆಯುತ್ತವೆ. ಫ್ಲೈಟ್ ಮೋಡ್ ಹಾಗೆಯೇ ಇರಿಸಿ ವೈಫೈ ಮಾತ್ರ ಪ್ರತ್ಯೇಕವಾಗಿ ತೆರೆಯಲೂ ಬಹುದು. ಸಿಮ್ ಇರುವ ಕೈಗಡಿಯಾರ, ಮೊಮ್ಮಕ್ಕಳ ಟ್ಯಾಬ್ಲೆಟ್ ಇದ್ದರೆ ಅವಕ್ಕೂ ಇದೇ ನಿಯಮ.

ಹಡಗಿನ ವೈಫೈ ಮತ್ತು ಹಡಗಿನ ಮೊಬೈಲ್ ಜಾಲ ಬೇರೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ವೈಫೈ ಹಣವನ್ನು ನೌಕಾ ಕಂಪೆನಿ ಪಡೆಯುತ್ತದೆ. ದರ ಮೊದಲೇ ಗೊತ್ತಿರುತ್ತದೆ, ಅದಕ್ಕಿಂತ ಹೆಚ್ಚಾಗದು. ಮೊಬೈಲ್ ಜಾಲದ ಹಣ ಸಿಮ್ ಕಂಪೆನಿಯ ಬಿಲ್ಲಿನಲ್ಲಿ ಬರುತ್ತದೆ. ಮೊತ್ತ ಆಮೇಲೆ ಗೊತ್ತಾಗುತ್ತದೆ. ಮೊದಲೇ ಗೊತ್ತಿರುವ ಖರ್ಚೇ ಲೇಸು. 2022ರ ಬಳಿಕ ರಾಯಲ್ ಕೆರಿಬಿಯನ್ ಮೊದಲಾದ ದೊಡ್ಡ ಸಂಸ್ಥೆಗಳು ಭೂಮಿಗೆ ಹತ್ತಿರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳ ಸೇವೆಯನ್ನು ಅಳವಡಿಸಿಕೊಂಡಿರುವುದರಿಂದ ಅಂತಹ ನೌಕೆಗಳ ವೈಫೈ ವೇಗ ಹೆಚ್ಚಿದೆ.

ವೈಫೈ ಪ್ಯಾಕನ್ನು ಹಡಗು ಹತ್ತುವ ಮೊದಲೇ ಕಾದಿರಿಸಿದರೆ ಹಲವು ಕಂಪೆನಿಗಳಲ್ಲಿ ದರ ಕಡಿಮೆ. ಅಗ್ಗದ ಪ್ಯಾಕ್‌ಗಳಲ್ಲಿ ಸಂದೇಶ ಮಾತ್ರ, ವಿಡಿಯೋ ಕರೆ ಇಲ್ಲ ಎಂಬ ಷರತ್ತು ಇರುವುದುಂಟು. ಒಂದು ಫೋನಿಗೆಂದು ಕೊಂಡ ಪ್ಯಾಕನ್ನು ಅನೇಕ ಕಡೆ ಗಂಡ-ಹೆಂಡತಿ ಸರದಿಯಲ್ಲಿ ಬಳಸಬಹುದು. ಒಬ್ಬರು ಲಾಗ್‌ಔಟ್ ಆದ ಮೇಲೆ ಇನ್ನೊಬ್ಬರು ಸೇರಬೇಕು. ವಾಟ್ಸಾಪ್ ಕರೆಗೆ ವೈಫೈ ಹಣ ಬಿಟ್ಟರೆ ಬೇರೆ ಖರ್ಚಿಲ್ಲ. ಆದರೆ ಸಿಮ್ ನಂಬರಿನಿಂದಲೇ ಹೋಗುವ 'ವೈಫೈ ಕಾಲಿಂಗ್' ಬೇರೆ ವಿಷಯ. ಅದಕ್ಕೆ ವಿದೇಶದಲ್ಲಿ ಕಂಪೆನಿಯ ಶುಲ್ಕ ಬೀಳಬಹುದಾದ್ದರಿಂದ ಮೊದಲೇ ಕೇಳಿಕೊಳ್ಳುವುದು ಉತ್ತಮ. ಕೋಣೆಯಲ್ಲಿರುವ ಹಡಗಿನ ಫೋನಿನಿಂದ ಊರಿಗೆ ಕರೆ ಮಾಡುವುದೂ ದುಬಾರಿಯೇ.

ಬಂದರಿನಲ್ಲಿ ಇಳಿದ ಮೇಲೆ ಮಾತ್ರ ಫ್ಲೈಟ್ ಮೋಡ್ ತೆಗೆದು, ಆ ದೇಶದ ಪ್ಯಾಕನ್ನೋ ಸ್ಥಳೀಯ ಸಿಮ್ಮನ್ನೋ ಬಳಸಬಹುದು. ಜಾಲದ ಆಯ್ಕೆಯನ್ನು 'ಆಟೋಮ್ಯಾಟಿಕ್'ನಿಂದ ತೆಗೆದು, ಪ್ಯಾಕ್‌ನಲ್ಲಿ ಹೇಳಿರುವ ಕಂಪೆನಿಯ ಹೆಸರನ್ನೇ ಆರಿಸಿಕೊಳ್ಳುವುದು ಕ್ಷೇಮ. ಹಡಗಿಗೆ ಮರಳುವಾಗ ಮತ್ತೆ ಫ್ಲೈಟ್ ಮೋಡ್.

ಓಟಿಪಿ ಮತ್ತು ಔಷಧಿ

ಫ್ಲೈಟ್ ಮೋಡ್‌ಗೆ ಒಂದು ತೊಂದರೆಯೂ ಇದೆ. ಬ್ಯಾಂಕಿನ ಓಟಿಪಿ ಬರುವುದಿಲ್ಲ. ದಡಕ್ಕೆ ಬಂದಾಗ ಬರುವ ಹಳೆಯ ಓಟಿಪಿಯಿಂದ ಪ್ರಯೋಜನವೂ ಇಲ್ಲ. ಆದ್ದರಿಂದ ವಿದ್ಯುತ್ ಬಿಲ್ಲು, ವಿಮೆಯ ಕಂತು, ಸೊಸೈಟಿಯ ಹಣ ಎಲ್ಲವನ್ನೂ ಹೊರಡುವ ಮೊದಲೇ ಕಟ್ಟಿಬಿಡಬೇಕು. ಹಡಗಿನಲ್ಲಿ ಖರೀದಿಗೆಲ್ಲ ಸಾಮಾನ್ಯವಾಗಿ ಕೋಣೆಯ ಕಾರ್ಡೇ ನಡೆಯುತ್ತದೆ. ಅದರ ಲೆಕ್ಕ ಚುಕ್ತಾ ಮಾಡಲು ಬೇಕಾದ ಕ್ರೆಡಿಟ್ ಕಾರ್ಡನ್ನೋ ನಗದನ್ನೋ ಹತ್ತುವಾಗಲೇ ದಾಖಲಿಸಿದರೆ ನಡುಗಡಲಲ್ಲಿ ಪರದಾಡಬೇಕಿಲ್ಲ. ಓಟಿಪಿ ಬೇಕೇ ಬೇಕು ಎನ್ನುವವರು ಡೇಟಾ ರೋಮಿಂಗ್ ಮುಚ್ಚಿಯೇ ಫೋನನ್ನು ಸ್ವಲ್ಪ ಹೊತ್ತು ಜಾಲಕ್ಕೆ ಸೇರಿಸಿ, ಆ ವೇಳೆ ಬಂದ ಕರೆಯನ್ನು ಎತ್ತದೆ, ಕೆಲಸ ಮುಗಿದ ಕೂಡಲೇ ಮತ್ತೆ ಫ್ಲೈಟ್ ಮೋಡ್ ಹಾಕಬೇಕು. ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣವಿಲ್ಲ.

ಔಷಧಿಯ ಚೀಟಿ, ವೈದ್ಯರ ನಂಬರು, ಪ್ರಯಾಣ ವಿಮೆಯ ಪ್ರತಿ, ಪಾಸ್‌ಪೋರ್ಟಿನ ಪ್ರತಿ ಇಂಟರ್ನೆಟ್ಟಿನಲ್ಲಿವೆ ಎಂದು ನಿಶ್ಚಿಂತೆಯಿಂದಿರಬಾರದು. ಅವು ಫೋನಿನೊಳಗೂ ಇರಲಿ, ಕಾಗದದಲ್ಲೂ ಒಂದು ಪ್ರತಿ ಇರಲಿ.

ಮನೆಯವರ ಕೈಗೆ ಒಂದು ಚೀಟಿ

ಮೇಲೆ ಹೇಳಿದ ಡೊಂಬಿವಲಿಯ ದಂಪತಿಯ ಪ್ರಸಂಗಕ್ಕೆ ಮರಳಿದರೆ, ಅವರು ಮಾಡಬಹುದಾಗಿದ್ದ ಕೆಲಸ ಚಿಕ್ಕದು. ಊರಿನ ತಮ್ಮನಿಗೂ ಸಿಂಗಾಪುರದ ಮಗಳಿಗೂ ಒಂದು ಚೀಟಿ. ಅದರಲ್ಲಿ ಹಡಗಿನ ಹೆಸರು, ಕೋಣೆಯ ಸಂಖ್ಯೆ, ಬುಕಿಂಗ್ ಸಂಖ್ಯೆ, ಯಾವ ದಿನ ಯಾವ ಬಂದರು, ನೌಕಾ ಕಂಪೆನಿಯ ತುರ್ತು ಸಂಪರ್ಕದ ನಂಬರು. ಜತೆಗೆ ಒಂದು ಮಾತು: "ಪ್ರತಿದಿನ ರಾತ್ರಿ ಎಂಟಕ್ಕೆ ಹಡಗಿನ ವೈಫೈನಲ್ಲಿ ವಾಟ್ಸಾಪ್ ನೋಡುತ್ತೇವೆ. ಅವಸರವಿಲ್ಲದ ಸುದ್ದಿ ಅದರಲ್ಲಿ ಬರೆದು ಹಾಕಿ. ತೀರಾ ಅವಸರವಾದರೆ ಹಡಗಿನ ಕಚೇರಿಗೆ ತಿಳಿಸಿ, ಅವರು ಕೋಣೆಗೆ ಬಂದು ಹೇಳುತ್ತಾರೆ."

ಹೀಗೆ ಮಾಡಿದ್ದರೆ ಅಮ್ಮನ ಸುದ್ದಿ ತಪ್ಪುತ್ತಲೂ ಇರಲಿಲ್ಲ, ನಿಮಿಷಕ್ಕೆ ನೂರಾರು ರೂಪಾಯಿ ತೆರಬೇಕಾಗಿಯೂ ಇರಲಿಲ್ಲ. ಮರ್ಚೆಂಟ್ ನೇವಿಯಲ್ಲಿ ದುಡಿಯುವ ಕರಾವಳಿಯ ಯುವಕರು ಮನೆಯವರೊಂದಿಗೆ ಇಂತಹದೇ ವೇಳಾಪಟ್ಟಿ ಇಟ್ಟುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಕಡಲಲ್ಲಿ ಇರುವವರಿಂದ ನಾಲ್ಕು ದಿನದ ಪ್ರವಾಸಿಗರು ಕಲಿಯಬೇಕಾದ ಪಾಠ ಇದು.

ಬಿಲ್ಲು ಬಂದೇ ಬಿಟ್ಟರೆ?

ಎಷ್ಟು ಎಚ್ಚರ ವಹಿಸಿದರೂ ಬಿಲ್ಲು ಬಂದಲ್ಲಿ ಕೈಚೆಲ್ಲಬೇಕಾಗಿಲ್ಲ. ಮೊದಲು ಯಾವ ದಿನ, ಯಾವ ಜಾಲದಲ್ಲಿ, ಎಷ್ಟು ಬಳಕೆ ಎಂಬ ಸವಿವರ ಬಿಲ್ಲನ್ನು ಕೇಳಿ ಪಡೆಯಬೇಕು. ಹಡಗು ಬಂದರಿನಲ್ಲಿದ್ದ ವೇಳೆಗೂ ಹಡಗಿನ ಜಾಲದ ಶುಲ್ಕ ಬಿದ್ದಿದೆಯೇ ಎಂದು ಪ್ರಯಾಣದ ವೇಳಾಪಟ್ಟಿಯೊಂದಿಗೆ ಹೋಲಿಸಬೇಕು. ಅಂತಾರಾಷ್ಟ್ರೀಯ ರೋಮಿಂಗ್‌ನಲ್ಲಿ ಗ್ರಾಹಕರಿಗೆ ಬಿಲ್ಲಿನ ಆಘಾತ ಆಗದಂತೆ ಕಂಪೆನಿಗಳು ಎಚ್ಚರಿಕೆಯ ಸಂದೇಶ ನೀಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರಲ್ಲಿ ನಿಯಮ ತಿದ್ದಿದೆ. ಅಂತಹ ಸಂದೇಶ ಬಂದಿತ್ತೇ ಎಂಬುದು ಮುಖ್ಯ ಪ್ರಶ್ನೆ. ಆ ದಿನಗಳ ಎಸ್‌ಎಂಎಸ್‌ಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಬಳಿಕ ಕಂಪೆನಿಯ ದೂರು ಕೇಂದ್ರ 198ಕ್ಕೆ ಕರೆ ಮಾಡಿ, ದೂರಿನ ಡಾಕೆಟ್ ನಂಬರು ಪಡೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು. ಕೊನೆಯದಾಗಿ ಗ್ರಾಹಕರ ಆಯೋಗದ ಬಾಗಿಲು ಇದ್ದೇ ಇದೆ. ದೂರಸಂಪರ್ಕದ ದೂರುಗಳನ್ನು ಗ್ರಾಹಕರ ವೇದಿಕೆಗಳು ಆಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ದೂರು ಕೊಟ್ಟ ಮಾತ್ರಕ್ಕೆ ಬಿಲ್ಲು ಕಟ್ಟದೆ ಸುಮ್ಮನಿರುವುದು ಜಾಣತನವಲ್ಲ. ವಿವಾದವಿಲ್ಲದ ಮೊತ್ತವನ್ನು ಕಟ್ಟಿ, ಉಳಿದುದಕ್ಕೆ ಲಿಖಿತ ತಕರಾರು ಸಲ್ಲಿಸಿದರೆ ನಂಬರು ಕಡಿತವಾಗುವ ಆತಂಕ ಕಡಿಮೆ.

ಸಂಘಗಳು ಮಾಡಬಹುದಾದುದು

ನಮ್ಮ ಸಂಘ-ಸಂಸ್ಥೆಗಳು ಪ್ರವಾಸ ಏರ್ಪಡಿಸುವಾಗ ಊಟ, ವಸತಿ, ಬಸ್ಸಿನ ವ್ಯವಸ್ಥೆಯ ಬಗ್ಗೆ ಸಭೆ ಸೇರುವುದು ರೂಢಿ. ಹಡಗಿನ ಪ್ರವಾಸವಾದರೆ ಅದೇ ಸಭೆಯಲ್ಲಿ ಹತ್ತು ನಿಮಿಷ ಮೊಬೈಲಿಗೂ ಮೀಸಲಿಡಬಹುದು. ಯುವ ವಿಭಾಗದ ಇಬ್ಬರು ಹುಡುಗ-ಹುಡುಗಿಯರು ಹಿರಿಯರ ಪಕ್ಕ ಕುಳಿತು ಅವರವರ ಫೋನಿನಲ್ಲೇ ಡೇಟಾ ರೋಮಿಂಗ್ ಮುಚ್ಚಿ, ಫ್ಲೈಟ್ ಮೋಡ್ ಹಾಕುವುದನ್ನು ಎರಡು ಬಾರಿ ಮಾಡಿಸಿದರೆ ಸಾಕು. "ಅಜ್ಜಿ, ಈ ವಿಮಾನದ ಚಿತ್ರ ಒತ್ತಿ ನೋಡಿ" ಎಂದು ಹೇಳಿಕೊಟ್ಟ ಆ ಒಂದು ಪಾಠ, ನಿವೃತ್ತಿ ವೇತನದಲ್ಲಿ ಬದುಕುವ ಹಿರಿಯರ ಸಾವಿರಾರು ರೂಪಾಯಿ ಉಳಿಸೀತು.

ಆಗಬೋಟಿನಲ್ಲಿ ಮುಂಬಯಿಗೆ ಬಂದವರಿಗೆ ಕಡಲಿನ ಮೇಲಿದ್ದಷ್ಟು ಕಾಲ ಊರಿನ ಸುದ್ದಿ ತಿಳಿಯುವ ದಾರಿಯೇ ಇರಲಿಲ್ಲ. ಅವರ ಮಕ್ಕಳಿಗೆ ಇಂದು ದಾರಿಗಳು ಹಲವು ಇವೆ. ಯಾವುದು ಅಗ್ಗ, ಯಾವುದು ದುಬಾರಿ ಎಂದು ಹತ್ತುವ ಮೊದಲೇ ಆರಿಸಿಕೊಂಡು, ಮನೆಯವರ ಕೈಗೊಂದು ಚೀಟಿ ಕೊಟ್ಟು ಹೊರಟರೆ ವಿಹಾರವೂ ಸುಖ, ಮರಳಿ ಬಂದ ಮೇಲೆ ಬರುವ ಅಂಚೆಯೂ ಸುಖ.